ಮಗ ರೂಮು ಬಿಟ್ಟು ಬರುತ್ತಿಲ್ಲ: ವಯಸ್ಸಿನ ಸಿಟ್ಟಾ, ಖಿನ್ನತೆಯಾ?

ಪ್ರಶ್ನೆ: ನಾವು ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯವರು. ಅಡಿಕೆ ತೋಟ ಇದೆ. ಮಗನಿಗೆ 16 ವರ್ಷ. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆ ಮಾರ್ಕ್ಸ್ ಬಂತು ಅಂತ ದಾವಣಗೆರೆಯಲ್ಲಿ ನೀಟ್ ಕೋಚಿಂಗ್ ಇರುವ ಕಾಲೇಜಿಗೆ ಸೇರಿಸಿ ಹಾಸ್ಟೆಲ್‌ನಲ್ಲಿ ಬಿಟ್ಟೆವು. ದಸರಾ ರಜೆಗೆ ಬಂದವನು ವಾಪಸ್ ಹಾಸ್ಟೆಲ್‌ಗೆ ಹೋಗಲ್ಲ ಅಂದ. ಈಗ ಬಸ್ಸಿನಲ್ಲೇ ಓಡಾಡುತ್ತಾನೆ. ವಾರದಲ್ಲಿ ಎರಡು ದಿನ ಹೊಟ್ಟೆ ನೋವು, ತಲೆ ನೋವು ಅಂತ ತಪ್ಪಿಸುತ್ತಾನೆ. ಸ್ಕ್ಯಾನಿಂಗ್ ಆಯ್ತು, ಏನೂ ಇಲ್ಲ ಅಂದರು. ಮಾತಾಡಿಸಿದರೆ ರೇಗುತ್ತಾನೆ. ತಂಗಿ ಅಂದರೆ ಪ್ರಾಣ ಬಿಡುತ್ತಿದ್ದವನು ಈಗ ಅವಳ ಮೇಲೂ ಕೂಗಾಡುತ್ತಾನೆ. ಸಂಜೆ ವಾಲಿಬಾಲ್‌ಗೆ ಹೋಗುವುದನ್ನು ಬಿಟ್ಟಿದ್ದಾನೆ. ರಾತ್ರಿ ಮೂರು ಗಂಟೆಗೆ ಎದ್ದು ನೋಡಿದರೆ ಎಚ್ಚರವಾಗಿಯೇ ಇರುತ್ತಾನೆ. ಇವನಪ್ಪ "ಎಲ್ಲಾ ಮೊಬೈಲಿಂದ, ನಾವೆಲ್ಲ ಓದ್ಲಿಲ್ವಾ" ಅಂತಾರೆ. ಅತ್ತೆ ದೃಷ್ಟಿ ತೆಗೆಸಿದರು. ಹೋದ ವಾರ ಅವನ ಫಿಸಿಕ್ಸ್ ನೋಟ್‌ಬುಕ್‌ನ ಕೊನೇ ಪುಟದಲ್ಲಿ "ನಾನಿಲ್ದಿದ್ರೆ ಎಲ್ಲರಿಗೂ ಆರಾಮ" ಅಂತ ಬರೆದಿದ್ದು ನೋಡಿದೆ. ನೋಡಿದೆ ಅಂತ ಯಾರಿಗೂ ಹೇಳಿಲ್ಲ. ಕೇಳಿದರೆ ಎಲ್ಲಿ ತಲೆಗೆ ಹಚ್ಚಿಕೊಂಡು ಬಿಡುತ್ತಾನೋ ಅಂತ ಭಯ. ಇದು ವಯಸ್ಸಿನದೋ, ಡಿಪ್ರೆಶನ್ನೋ? ಮನೋವೈದ್ಯರ ಹತ್ತಿರ ಹೋದರೆ ಜೀವನಪೂರ್ತಿ ಮಾತ್ರೆ ನುಂಗಬೇಕಾ? ಮುಂದೆ ಕೆಲಸಕ್ಕೆ, ಮದುವೆಗೆ ತೊಂದರೆ ಆಗುತ್ತಾ?

ಉತ್ತರ: ನಿಮ್ಮ ಪತ್ರದಲ್ಲಿ ಕೊನೆಗೆ ಬಂದ ವಿಷಯವನ್ನು ನಾನು ಮೊದಲು ಎತ್ತಿಕೊಳ್ಳುತ್ತೇನೆ. ಮಿಕ್ಕದ್ದಕ್ಕೆ ಒಂದೆರಡು ದಿನ ತಡವಾದರೂ ನಡೆಯುತ್ತದೆ. ನೋಟ್‌ಬುಕ್ಕಿನ ಆ ಸಾಲಿನ ಬಗ್ಗೆ ಮಾತ್ರ ಇವತ್ತೇ ಅವನನ್ನು ಕೇಳಬೇಕು.

ಸಾವಿನ ಬಗ್ಗೆ ಕೇಳಿದರೆ ಮಕ್ಕಳ ತಲೆಗೆ ನಾವೇ ಆ ಯೋಚನೆ ತುಂಬಿದಂತಾಗುತ್ತದೆ ಅನ್ನುವ ಹೆದರಿಕೆ ಬಹಳ ಮನೆಗಳಲ್ಲಿದೆ. ಇದು ನಿಜವಲ್ಲ. ಈ ಬಗ್ಗೆ ಹಲವು ಅಧ್ಯಯನಗಳು ಆಗಿವೆ. ಕೇಳಿದ್ದರಿಂದ ಅಪಾಯ ಹೆಚ್ಚುವುದಿಲ್ಲ ಅಂತಲೇ ಅವು ತೋರಿಸಿವೆ. ನಾನು ಆಸ್ಪತ್ರೆಯಲ್ಲಿ ದಿನಾ ನೋಡುವುದೂ ಅದನ್ನೇ. ಕೇಳಿದ ಮೇಲೆ ಮಕ್ಕಳು ಒಂದು ನಿಟ್ಟುಸಿರು ಬಿಡುತ್ತಾರೆ. ಅಷ್ಟು ದಿನ ಒಬ್ಬರೇ ಹೊತ್ತುಕೊಂಡಿದ್ದನ್ನು ಇಳಿಸಲು ಒಂದು ಜಾಗ ಸಿಕ್ಕಿತಲ್ಲ.

ಹೇಗೆ ಕೇಳುವುದು? ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. ತಂಗಿ, ಅಜ್ಜಿ ಯಾರೂ ಇಲ್ಲದ ಹೊತ್ತು ನೋಡಿ. ಪಕ್ಕದಲ್ಲಿ ಕೂತು, ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಚುತ್ತಲೋ ಮಾತು ತೆಗೆಯಿರಿ. ಕಣ್ಣಿಗೆ ಕಣ್ಣು ಕೊಡಬೇಕಾಗಿಲ್ಲದಿದ್ದರೆ ಈ ವಯಸ್ಸಿನ ಹುಡುಗರಿಗೆ ಬಾಯಿ ಬೇಗ ಬರುತ್ತದೆ. "ನಿನ್ನ ಬುಕ್ಕಲ್ಲಿ ಬರೆದಿದ್ದು ನೋಡಿದೆ ಕಣೋ. ಬೈಯೋಕೆ ಕೇಳ್ತಿಲ್ಲ. ಇರೋದೇ ಬೇಡ, ಸತ್ತು ಹೋಗಬೇಕು ಅಂತ ಅನ್ನಿಸ್ತಿದೆಯಾ?" ಇಷ್ಟು ನೇರವಾಗಿಯೇ ಕೇಳಿ. ಹೌದು ಅಂದರೆ "ಹೇಗೆ ಅಂತ ಏನಾದರೂ ಯೋಚನೆ ಮಾಡಿದ್ದೀಯಾ?" ಅಂತ ಮುಂದಿನ ಪ್ರಶ್ನೆಯನ್ನೂ ಕೇಳಿ. ಆಮೇಲೆ ಸುಮ್ಮನಿರಿ. "ಹಾಗೆಲ್ಲ ಮಾತಾಡಬಾರದು", "ನಾವು ನಿನಗೆ ಏನು ಕಮ್ಮಿ ಮಾಡಿದ್ದೀವಿ" ಅನ್ನುವ ಮಾತು ಬಾಯಿ ತುದಿಗೆ ಬರುತ್ತದೆ, ನುಂಗಿಕೊಳ್ಳಿ. ಆ ಮಾತು ಕೇಳಿದ ಹುಡುಗ ಮತ್ತೆ ಬಾಯಿ ಬಿಡುವುದಿಲ್ಲ. "ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ ದಾರಿ ಇದೆ, ಇಬ್ಬರೂ ಸೇರಿ ಹುಡುಕೋಣ" ಅಂದರೆ ಸಾಕು.

ಸಾಯುವ ಬಗ್ಗೆ ಇಂಥದ್ದೇ ಅಂತ ಯೋಚನೆ ಮಾಡಿದ್ದೇನೆ ಅಂದರೆ, ಮೊದಲೇ ಏನಾದರೂ ಪ್ರಯತ್ನ ಮಾಡಿದ್ದರೆ, ಅಥವಾ ಇಷ್ಟದ ವಸ್ತುಗಳನ್ನು ಸುಮ್ನೆ ಹಂಚುತ್ತಿದ್ದರೆ, ಅಪಾಯಿಂಟ್‌ಮೆಂಟ್ ಅಂತ ಕಾಯಬೇಡಿ. ಅವತ್ತೇ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಒಬ್ಬನನ್ನೇ ಬಿಡಬೇಡಿ. ಏನೂ ಇಲ್ಲ ಅಂತ ಅವನು ಹೇಳಿದರೂ ಒಂದು ಕೆಲಸ ಈ ಹೊತ್ತೇ ಆಗಬೇಕು. ತೋಟದ ಔಷಧಿ, ಕಳೆನಾಶಕ, ಇಲಿ ಪಾಷಾಣ, ಅಜ್ಜಿಯ ಬಿಪಿ-ಶುಗರ್ ಮಾತ್ರೆ, ಮನೆಯಲ್ಲಿ ಉಳಿದಿರುವ ಜ್ವರದ ಮಾತ್ರೆ ಎಲ್ಲವನ್ನೂ ಬೀಗ ಹಾಕಿಡಿ. ಬೀಗದ ಕೈ ನಿಮ್ಮ ಹತ್ತಿರವೇ ಇರಲಿ. ತೋಟ ಇರುವ ಮನೆಗಳಲ್ಲಿ ಔಷಧಿ ಡಬ್ಬಿ ಪಂಪ್‌ಹೌಸಿನಲ್ಲೋ ಹಿತ್ತಿಲಿನಲ್ಲೋ ಬಿದ್ದಿರುತ್ತದೆ. ಸಾಯುವ ಯೋಚನೆ ಜೋರಾಗುವುದು ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಮಾತ್ರ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಎಷ್ಟೋ ಜೀವ ಉಳಿಯುತ್ತದೆ. ಈ ಕೆಲಸವನ್ನು ಯಜಮಾನರಿಗೆ ವಹಿಸಿ. ಮಾತಿನಲ್ಲಿ ನಂಬದವರಿಗೂ ಕೈಗೊಂದು ಕೆಲಸ ಕೊಟ್ಟರೆ ವಿಷಯದ ತೂಕ ಗೊತ್ತಾಗುತ್ತದೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ಇದು ವಯಸ್ಸಿನದಾ?

ಹದಿಹರೆಯದಲ್ಲಿ ಸಿಟ್ಟು ಬರುತ್ತದೆ. ಬಾಗಿಲು ಹಾಕಿಕೊಳ್ಳುತ್ತಾರೆ, ಅಪ್ಪ-ಅಮ್ಮನ ಮಾತು ಬೋರು ಅನ್ನಿಸುತ್ತದೆ. ರಾತ್ರಿ ನಿದ್ದೆ ತಡವಾಗಿ ಬರುವುದೂ ಸಹಜವೇ. ಈ ವಯಸ್ಸಿನಲ್ಲಿ ದೇಹದ ಗಡಿಯಾರವೇ ಒಂದೆರಡು ಗಂಟೆ ತಡವಾಗಿ ನಡೆಯುತ್ತದೆ, ಅದು ಸೋಮಾರಿತನವಲ್ಲ. ಆದರೆ ವಯಸ್ಸಿನ ಸಿಟ್ಟಿಗೆ ರಜೆ ಇರುತ್ತದೆ. ಅಮ್ಮನ ಮೇಲೆ ಕೂಗಾಡಿದ ಹುಡುಗ ಅರ್ಧ ಗಂಟೆಗೆ ಗೆಳೆಯರ ಜೊತೆ ನಗುತ್ತಿರುತ್ತಾನೆ. ಆಟ, ಸಿನಿಮಾ, ಇಷ್ಟದ ತಿಂಡಿ ಅಂದರೆ ಓಡಿ ಬರುತ್ತಾನೆ. ಖಿನ್ನತೆಯಲ್ಲಿ ಆ ರಜೆ ಸಿಗುವುದಿಲ್ಲ. ಖುಷಿ ಕೊಡುತ್ತಿದ್ದುದೇ ಖುಷಿ ಕೊಡುವುದನ್ನು ನಿಲ್ಲಿಸುತ್ತದೆ. ನಿಮ್ಮ ಪತ್ರದಲ್ಲಿ ನನಗೆ ಮಾರ್ಕ್ಸಿಗಿಂತ ಎದ್ದು ಕಂಡಿದ್ದು ವಾಲಿಬಾಲ್ ಮತ್ತು ತಂಗಿ. ಯಾರ ಒತ್ತಾಯವೂ ಇಲ್ಲದೆ ಪ್ರೀತಿಯಿಂದ ಮಾಡುತ್ತಿದ್ದುದು ನಿಂತು ಹೋಗಿದೆ ಅಲ್ವಾ? ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಇನ್ನೊಂದು ಮಾತು. ಡಿಪ್ರೆಶನ್ ಅಂದರೆ ಮೂಲೆಯಲ್ಲಿ ಕೂತು ಅಳುವುದು ಅಂತ ನಾವು ಅಂದುಕೊಂಡಿದ್ದೇವೆ. ದೊಡ್ಡವರಲ್ಲಿ ಹಾಗೆ ಕಾಣಬಹುದು. ಹದಿಹರೆಯದವರಲ್ಲಿ, ಅದರಲ್ಲೂ ಹುಡುಗರಲ್ಲಿ, ಅದು ಬಹಳ ಸಲ ರೇಗಾಟವಾಗಿಯೇ ಹೊರಗೆ ಬರುತ್ತದೆ. ವೈದ್ಯರ ಕೈಪಿಡಿಗಳಲ್ಲೂ ಮಕ್ಕಳ ಮಟ್ಟಿಗೆ ದುಃಖದ ಜಾಗದಲ್ಲಿ ಸಿಡುಕನ್ನೂ ಲಕ್ಷಣವಾಗಿ ಎಣಿಸಿದ್ದಾರೆ. ಹೆಣ್ಣುಮಕ್ಕಳಲ್ಲಿ ಖಿನ್ನತೆ ಸುಮಾರು ಎರಡು ಪಟ್ಟು ಜಾಸ್ತಿ ಕಾಣುವುದು ನಿಜ. ಆದರೆ ಸಿಡುಕುವ ಹುಡುಗನಿಗೆ ಬೈಗುಳ ಸಿಗುತ್ತದೆ, ಚಿಕಿತ್ಸೆ ಸಿಗುವುದಿಲ್ಲ. ಇದು ನನ್ನನ್ನು ಬಹಳ ಕಾಡುವ ವಿಷಯ.

ಹೊಟ್ಟೆ ನೋವು ನಾಟಕವಾ ಅಂತ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಯಾರಾದರೂ ಅಂದಿರುತ್ತಾರೆ. ನಾಟಕವಲ್ಲ. ಮನಸ್ಸಿನ ಒತ್ತಡ ಕರುಳಿನಲ್ಲಿ, ತಲೆಯಲ್ಲಿ ನಿಜವಾದ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದರೂ ನೋವು ಅವನಿಗೆ ಆಗುತ್ತಿದೆ. ನನ್ನ ಹತ್ತಿರ ಬರುವ ಎಷ್ಟೋ ಮಕ್ಕಳು ಅದಕ್ಕೆ ಮೊದಲು ಗ್ಯಾಸ್ಟ್ರಿಕ್ ಮಾತ್ರೆ, ಕನ್ನಡಕದ ಟೆಸ್ಟು, ಟಾನಿಕ್ಕು ಎಲ್ಲಾ ಮುಗಿಸಿಯೇ ಬರುತ್ತಾರೆ. ಕಡತ ದಪ್ಪಗಿರುತ್ತದೆ. "ಏನಪ್ಪಾ ತೊಂದರೆ?" ಅಂದರೆ "ಹೊಟ್ಟೆ ನೋವು ಸಾರ್" ಅಂತಲೇ ಶುರು ಮಾಡುತ್ತಾರೆ. ಅಮ್ಮನನ್ನು ಹೊರಗೆ ಕೂರಿಸಿ, ಯಾವಾಗ ಜಾಸ್ತಿ ಅಂತ ಕೇಳಿದರೆ ನಿಧಾನಕ್ಕೆ ಉತ್ತರ ಬರುತ್ತದೆ: ಭಾನುವಾರ ಸಂಜೆ. ಸೋಮವಾರದ ಟೆಸ್ಟಿನ ಹಿಂದಿನ ರಾತ್ರಿ.

ವೈದ್ಯರು ನೋಡುವ ಅಳತೆ ಸರಳವಾದದ್ದು. ಬೇಸರ ಅಥವಾ ಸಿಡುಕು, ಇಲ್ಲವೇ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ದಿನದ ಬಹುಪಾಲು ಇರಬೇಕು. ಇದು ಹೆಚ್ಚುಕಡಿಮೆ ಪ್ರತಿದಿನ, ಕಡಿಮೆ ಅಂದರೂ ಎರಡು ವಾರ ನಡೆದಿರಬೇಕು. ಅದರ ಜೊತೆಗೆ ನಿದ್ದೆ, ಊಟ, ಸುಸ್ತು, ಗಮನ, "ನಾನು ಯಾವುದಕ್ಕೂ ಬಾರದವನು" ಅನ್ನುವ ಭಾವನೆ, ಸಾವಿನ ಯೋಚನೆ ಇವುಗಳಲ್ಲಿ ಹಲವು ಸೇರಿರಬೇಕು. ಓದು, ಗೆಳೆತನ, ಮನೆ ಇವುಗಳಿಗೆ ಪೆಟ್ಟು ಬಿದ್ದಿರಬೇಕು. ನಿಮ್ಮ ಮಗನದು ದಸರಾದಿಂದ ನಡೆಯುತ್ತಿದೆ. ಪತ್ರ ನೋಡಿ ರೋಗ ಹೆಸರಿಸುವುದು ತಪ್ಪು, ನಾನು ಹೆಸರಿಸುವುದಿಲ್ಲ. ಆದರೆ ಇಷ್ಟು ಸಾಕು, ಅವನನ್ನು ಈ ವಾರವೇ ತೋರಿಸಬೇಕು. ವಯಸ್ಸಿನದಾ ಕಾಯಿಲೆಯಾ ಅನ್ನುವ ತೀರ್ಮಾನ ಮನೆಯಲ್ಲೇ ಆಗಬೇಕಾಗಿಲ್ಲ. ಜ್ವರ ಬಂದಾಗ ಡೆಂಗಿಯಾ ಟೈಫಾಯ್ಡಾ ಅಂತ ಮನೆಯಲ್ಲೇ ಗೊತ್ತು ಮಾಡಿಕೊಂಡು ಯಾರೂ ಆಸ್ಪತ್ರೆಗೆ ಹೋಗುವುದಿಲ್ಲವಲ್ಲ.

ಯಜಮಾನರು ಹೇಳುವ ಮೊಬೈಲಿನ ವಿಷಯ. ಅದರಲ್ಲಿ ಸ್ವಲ್ಪ ನಿಜ ಇದೆ. ರಾತ್ರಿಯೆಲ್ಲ ಮೊಬೈಲ್ ನೋಡಿದರೆ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮನಸ್ಸು ಕೆಡುತ್ತದೆ. ಆದರೆ ತಿರುಗಿಸಿಯೂ ನೋಡಿ. ನಿದ್ದೆ ಬಾರದ, ಯಾರ ಮುಖವೂ ನೋಡಲು ಇಷ್ಟವಿಲ್ಲದ ಹುಡುಗ ರಾತ್ರಿ ಮೂರು ಗಂಟೆಗೆ ಇನ್ನೇನು ಮಾಡುತ್ತಾನೆ? ಮೊಬೈಲು ಎಷ್ಟೋ ಸಲ ಲಕ್ಷಣ, ಕಾರಣವಲ್ಲ. ಈಗ ದಿಢೀರ್ ಅಂತ ಕಿತ್ತುಕೊಂಡರೆ ಅವನಿಗೆ ಉಳಿದಿರುವ ಒಂದಿಬ್ಬರು ಗೆಳೆಯರ ಸಂಪರ್ಕವೂ ಹೋಗುತ್ತದೆ. ರಾತ್ರಿ ಹನ್ನೊಂದರ ಮೇಲೆ ಮನೆಯವರೆಲ್ಲರ ಫೋನೂ, ಅಪ್ಪನದೂ ಸೇರಿ, ಹಾಲ್‌ನಲ್ಲಿ ಚಾರ್ಜಿಗೆ ಇರಲಿ. ಅಷ್ಟು ಸಾಕು. ಹಾಗೆಯೇ ಯಾರಾದರೂ ಫೋನಿನಲ್ಲಿ ಬೆದರಿಸುತ್ತಿದ್ದಾರಾ, ಗೇಲಿ ಮಾಡುತ್ತಿದ್ದಾರಾ, ಆನ್‌ಲೈನ್ ಆಟದಲ್ಲಿ ದುಡ್ಡು ಕಳೆದುಕೊಂಡಿದ್ದಾನಾ ಅಂತ ಬೈಯದೆ ಕೇಳಿ.

"ನಾವೆಲ್ಲ ಓದ್ಲಿಲ್ವಾ" ಅನ್ನುವ ಮಾತಿಗೂ ಉತ್ತರ ಬೇಕು. ಓದಿದಿರಿ. ಆದರೆ 16ರ ವಯಸ್ಸಿನಲ್ಲಿ ಮನೆ ಬಿಟ್ಟು, ಬೆಳಗ್ಗೆ ಐದೂವರೆಯಿಂದ ರಾತ್ರಿ ಹತ್ತರವರೆಗೆ ಸ್ಟಡಿ ಅವರ್ಸ್, ವಾರವಾರ ಟೆಸ್ಟು, ಗೋಡೆ ಮೇಲೆ ರ‍್ಯಾಂಕ್ ಪಟ್ಟಿ, ಕನ್ನಡ ಮೀಡಿಯಂನಿಂದ ಏಕದಂ ಇಂಗ್ಲಿಷ್ ಫಿಸಿಕ್ಸು, ಇಷ್ಟೂ ಒಟ್ಟಿಗೆ ಎಷ್ಟು ಜನ ನೋಡಿದ್ದರು? ಊರಿನ ಶಾಲೆಯಲ್ಲಿ ಮೊದಲ ಬೆಂಚಿನಲ್ಲಿದ್ದವನು ಅಲ್ಲಿ ಹೋಗಿ ನಡುವೆ ಎಲ್ಲೋ ಒಬ್ಬನಾಗುತ್ತಾನೆ. ಬುದ್ಧಿ ಕಡಿಮೆಯಾಗಿರುವುದಿಲ್ಲ, ಸುತ್ತಲಿನ ಗುಂಪು ಬದಲಾಗಿರುತ್ತದೆ. ಆದರೆ ಹುಡುಗನಿಗೆ ಅದು ತಾನೇ ಸೋತ ಹಾಗೆ ಅನ್ನಿಸುತ್ತದೆ. ಮನೆಯವರು ಕಟ್ಟಿದ ಫೀಸು ನೆನಪಾಗುತ್ತದೆ. "ನಾನಿಲ್ದಿದ್ರೆ ಎಲ್ಲರಿಗೂ ಆರಾಮ" ಅನ್ನುವ ಸಾಲು ಎಲ್ಲಿಂದ ಬಂದಿರಬಹುದು ಅನ್ನುವುದಕ್ಕೆ ಇದು ಒಂದು ದಾರಿ. ತಾನು ಹೊರೆ ಅನ್ನುವ ಭಾವನೆ ಖಿನ್ನತೆಯಲ್ಲಿ ಬಹಳ ಗಟ್ಟಿಯಾಗಿ ಕೂರುತ್ತದೆ.

ಆದರೆ ಒತ್ತಡ ಒಂದೇ ಕಾರಣ ಅನ್ನಲಾಗದು. ಅದೇ ಹಾಸ್ಟೆಲ್‌ನಲ್ಲಿ ಎಲ್ಲರಿಗೂ ಹೀಗಾಗಿಲ್ಲ. ಮನೆತನದಲ್ಲಿ ಯಾರಿಗಾದರೂ ಖಿನ್ನತೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಜಾಸ್ತಿ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಎರಡರಿಂದ ನಾಲ್ಕು ಪಟ್ಟು. ರಕ್ತ ಕಡಿಮೆ ಇರುವುದು, ಥೈರಾಯ್ಡ್, ಬಿ12 ಕೊರತೆ ಕೂಡ ಸುಸ್ತು, ಬೇಸರ ತರುತ್ತವೆ. ಹಾಗಾಗಿ ಒಂದು ರಕ್ತ ಪರೀಕ್ಷೆ ಆಗಲಿ. ರ‍್ಯಾಗಿಂಗ್, ಲೈಂಗಿಕ ಕಿರುಕುಳ, ಗಾಂಜಾ, ಒಂದು ಪ್ರೀತಿ ಮುರಿದದ್ದು, ಇವೂ ಇರಬಹುದು. ಹಾಸ್ಟೆಲ್‌ಗೆ ವಾಪಸ್ ಹೋಗಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳಿದ್ದಾನೆ ಅಂದರೆ ಅಲ್ಲಿ ಏನಾಯಿತು ಅನ್ನುವುದನ್ನು ಯಾರಾದರೂ ಕೇಳಲೇಬೇಕು. ನಿಮಗೆ ಹೇಳಲು ನಾಚಿಕೊಂಡರೆ ವೈದ್ಯರಿಗೋ ಕೌನ್ಸೆಲರಿಗೋ ಹೇಳುತ್ತಾನೆ.

ಅತ್ತೆ ದೃಷ್ಟಿ ತೆಗೆಸಿದ್ದಕ್ಕೆ ನನ್ನ ತಕರಾರಿಲ್ಲ. ಅದು ಅವರ ಪ್ರೀತಿ. ಹೊಡೆಯುವುದು, ಉಪವಾಸ ಕೆಡವುವುದು, ಚಿಕಿತ್ಸೆ ನಿಲ್ಲಿಸುವುದು ಇಲ್ಲದಿದ್ದರೆ ಪೂಜೆಯೂ ನಡೆಯಲಿ, ಆಸ್ಪತ್ರೆಯೂ ನಡೆಯಲಿ.

ಎಲ್ಲಿಗೆ ಹೋಗುವುದು? ಈಗಿಂದೀಗ ಮಾತಾಡಬೇಕು ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಮಾಡಬಹುದು, ಮಗನೂ ಮಾಡಬಹುದು. ನಂಬರನ್ನು ಅವನ ಫೋನಿನಲ್ಲಿ ಸೇವ್ ಮಾಡಿಕೊಡಿ. ಆದರೆ ನೇರ ಭೇಟಿಯ ಬದಲು ಅದೊಂದೇ ಸಾಲದು. ರಾಜ್ಯದ ಎಲ್ಲಾ ಜಿಲ್ಲೆಗಳಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಈ ವ್ಯವಸ್ಥೆಗೆ ಇಡೀ ದೇಶಕ್ಕೆ ಮಾದರಿಯಾಗಿದ್ದೇ ನಮ್ಮ ಬಳ್ಳಾರಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ, ಸಾಮಾನ್ಯವಾಗಿ ಕೊಡುವ ಮಾತ್ರೆಗಳೂ ಅಲ್ಲೇ ಸಿಗುತ್ತವೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೂ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ನಿಮ್ಮ ತಾಲ್ಲೂಕಿನ ದಿನವನ್ನು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿ. ಇನ್ನೂ ಹೆಚ್ಚಿನ ಪರೀಕ್ಷೆ ಬೇಕಾದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆ ಮತ್ತು ಹದಿಹರೆಯದವರಿಗೆ ಬೇರೆಯದೇ ವಿಭಾಗ ಇದೆ. ಮೊದಲೇ ಅಲ್ಲಿಗೆ ಓಡಬೇಕಾಗಿಲ್ಲ. ವಾರಕ್ಕೊಮ್ಮೆ ಹೋಗಿ ಬರಲು ಆಗುವ ಜಾಗ ಒಳ್ಳೆಯದು.

ಸೌಮ್ಯವಾದ ಖಿನ್ನತೆಗೆ ಮಾತ್ರೆ ಇಲ್ಲದೆ ಆಪ್ತ ಸಮಾಲೋಚನೆಯಿಂದಲೇ ಶುರು ಮಾಡುತ್ತೇವೆ. ನಿದ್ದೆಗೊಂದು ಹೊತ್ತು, ಸಣ್ಣ ಸಣ್ಣ ಚಟುವಟಿಕೆ, "ನಾನು ವೇಸ್ಟು" ಅನ್ನುವಂಥ ಯೋಚನೆ ಬಂದಾಗ ಅದನ್ನು ಪ್ರಶ್ನೆ ಮಾಡುವುದನ್ನು ಕಲಿಸುವುದು, ಹೀಗೆ. ಇದಕ್ಕೆ ತೊಡಕು ಒಂದೇ. ತರಬೇತಿ ಪಡೆದವರು ಸಣ್ಣ ಊರುಗಳಲ್ಲಿ ಕಡಿಮೆ. ಬೋರ್ಡು ಹಾಕಿಕೊಂಡವರೆಲ್ಲ ತಜ್ಞರಲ್ಲ. ಏನು ಓದಿದ್ದೀರಿ ಅಂತ ಕೇಳಲು ಸಂಕೋಚ ಬೇಡ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿದ್ದರೆ ಭಾರತೀಯ ಪುನರ್ವಸತಿ ಮಂಡಳಿಯ (ಆರ್‌ಸಿಐ) ನೋಂದಣಿ ಇರಬೇಕು.

ಖಿನ್ನತೆ ಸ್ವಲ್ಪ ಜೋರಾಗಿದ್ದರೆ ಮಾತ್ರೆಯೂ ಬೇಕಾಗಬಹುದು. ಮಕ್ಕಳಲ್ಲಿ ಹೆಚ್ಚು ಬಳಸಿ ಅನುಭವ ಇರುವುದು ಫ್ಲುಒಕ್ಸೆಟಿನ್. ಅಮೆರಿಕದಲ್ಲಿ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ವಾರಗಳ ಹೊತ್ತಿಗೆ ಮಾತ್ರೆ ಮತ್ತು ಸಮಾಲೋಚನೆ ಎರಡೂ ಸಿಕ್ಕವರಲ್ಲಿ ಶೇ. 71 ಮಂದಿ ಸಾಕಷ್ಟು ಸುಧಾರಿಸಿದ್ದರು. ಬರೀ ಮಾತ್ರೆಗೆ ಶೇ. 61, ಬರೀ ಸಮಾಲೋಚನೆಗೆ ಶೇ. 43, ಔಷಧಿಯೇ ಇಲ್ಲದ ಹುಸಿ ಮಾತ್ರೆಗೆ ಶೇ. 35. ಹಾಗಾಗಿ ಎರಡೂ ಸಿಗುವುದಾದರೆ ಎರಡೂ ಇರಲಿ ಅನ್ನುವುದು ನನ್ನ ಅಭಿಪ್ರಾಯ.

ಈ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಜೀವನಪೂರ್ತಿಯೂ ಅಲ್ಲ. ಮೊದಲ ಸಲದ ಖಿನ್ನತೆಗೆ ಪೂರ್ತಿ ಗುಣವಾದ ಮೇಲೆ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸುತ್ತೇವೆ. ಅಪಾಯವನ್ನೂ ಮುಚ್ಚಿಡುವುದಿಲ್ಲ. ಶುರುವಿನಲ್ಲಿ ವಾಕರಿಕೆ, ತಲೆನೋವು, ಚಡಪಡಿಕೆ ಬರಬಹುದು. ಕೆಲವೇ ಮಕ್ಕಳಲ್ಲಿ ಮೊದಲ ವಾರಗಳಲ್ಲಿ ಸಾವಿನ ಯೋಚನೆ ಹೆಚ್ಚಬಹುದು. 2004ರಲ್ಲಿ ಅಮೆರಿಕದ ಔಷಧ ಇಲಾಖೆ ಹಲವು ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ ಮಾತ್ರೆ ತೆಗೆದುಕೊಂಡವರಲ್ಲಿ ಅದು ಶೇ. 4, ಹುಸಿ ಮಾತ್ರೆಯವರಲ್ಲಿ ಶೇ. 2 ಇತ್ತು. ಆ ಪ್ರಯೋಗಗಳಲ್ಲಿ ಯಾರೂ ಸಾಯಲಿಲ್ಲ. ಅದಕ್ಕೇ ಮೊದಲ ತಿಂಗಳು ವಾರವಾರ ಬನ್ನಿ ಅನ್ನುತ್ತೇವೆ, ಮಾತ್ರೆ ಅಮ್ಮನ ಕೈಯಲ್ಲೇ ಇರಲಿ ಅನ್ನುತ್ತೇವೆ. ಚಿಕಿತ್ಸೆ ಕೊಡದೆ ಬಿಟ್ಟ ಖಿನ್ನತೆಯ ಅಪಾಯ ಇದಕ್ಕಿಂತ ದೊಡ್ಡದು. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಕೆಲವು ಕಾಲ ಅತಿ ಉತ್ಸಾಹ, ಕೆಲವು ಕಾಲ ಖಿನ್ನತೆ) ಇದ್ದರೆ ಮರೆಯದೆ ಹೇಳಿ, ಮಾತ್ರೆಯ ಆಯ್ಕೆಯೇ ಬದಲಾಗುತ್ತದೆ. ಪರಿಣಾಮ ಕಾಣಲು ಎರಡರಿಂದ ಆರು ವಾರ ಬೇಕು. ಹತ್ತು ದಿನಕ್ಕೆ "ಏನೂ ಪ್ರಯೋಜನ ಇಲ್ಲ" ಅಂತ ನಿಲ್ಲಿಸುವವರೂ, ಎರಡು ತಿಂಗಳಿಗೆ "ಹುಷಾರಾದ" ಅಂತ ನಿಲ್ಲಿಸುವವರೂ ಮತ್ತೆ ಬರುತ್ತಾರೆ.

ಮದುವೆ, ಕೆಲಸದ ಭಯ. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯ್ದೆಯ ಪ್ರಕಾರ ಅವನ ಚಿಕಿತ್ಸೆಯ ವಿಷಯ ಗೌಪ್ಯ. ಆಸ್ಪತ್ರೆ ಅದನ್ನು ಕಾಲೇಜಿಗಾಗಲಿ ನೆಂಟರಿಗಾಗಲಿ ಹೇಳುವಂತಿಲ್ಲ. ನೀವು ಒಬ್ಬರೇ ಅಂತಲೂ ಅಂದುಕೊಳ್ಳಬೇಡಿ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ. 7.3 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡಿತ್ತು. ಅವನ ಕಾಲೇಜಿನ ಒಂದೊಂದು ಸೆಕ್ಷನ್ನಿನಲ್ಲೂ ಇಂಥ ಮಕ್ಕಳು ಇರುತ್ತಾರೆ.

ಓದಿನ ತೀರ್ಮಾನವನ್ನು ಈಗ ತೆಗೆದುಕೊಳ್ಳಬೇಡಿ. ಕಾಲೇಜು ಬಿಡಿಸುವುದು, ಸೈನ್ಸ್ ಬಿಟ್ಟು ಕಾಮರ್ಸ್, ಎಲ್ಲಾ ಆಮೇಲೆ. ಸದ್ಯಕ್ಕೆ ಕೋಚಿಂಗ್ ಮಾತ್ರ ನಿಲ್ಲಿಸಿ, ವೈದ್ಯರ ಪತ್ರ ಕೊಟ್ಟು ಹಾಜರಾತಿ ಬಗ್ಗೆ ಪ್ರಿನ್ಸಿಪಾಲರ ಹತ್ತಿರ ಮಾತಾಡಿ. ಸಂಜೆ ವಾಲಿಬಾಲ್ ಆಡು ಅಂತ ಒತ್ತಾಯ ಬೇಡ. ಅಪ್ಪನೇ "ಬಾ, ತೋಟಕ್ಕೆ ಹೋಗಿ ಮೋಟರ್ ಹಾಕಿ ಬರೋಣ" ಅಂತ ಕರೆದುಕೊಂಡು ಹೋಗಲಿ. ದಾರಿಯಲ್ಲಿ ಓದಿನ ಮಾತು ಎತ್ತದಿದ್ದರೆ ಆಯಿತು.

ಇನ್ನು, ಅವನು "ನಾನೇನು ಹುಚ್ಚನಾ, ಬರಲ್ಲ" ಅನ್ನಬಹುದು. ದೇವಸ್ಥಾನಕ್ಕೆ, ಸಂಬಂಧಿಕರ ಮನೆಗೆ ಅಂತ ಸುಳ್ಳು ಹೇಳಿ ಕರೆತರಬೇಡಿ. ಆಮೇಲೆ ಅವನು ನಿಮ್ಮನ್ನೂ ನಂಬುವುದಿಲ್ಲ, ವೈದ್ಯರನ್ನೂ ನಂಬುವುದಿಲ್ಲ. "ನಿದ್ದೆ ಬರ್ತಿಲ್ಲ, ಹೊಟ್ಟೆ ನೋವು ಹೋಗ್ತಿಲ್ಲ, ಅದಕ್ಕೆ ತೋರಿಸೋಣ. ಡಾಕ್ಟ್ರ ಹತ್ತಿರ ನೀನೊಬ್ಬನೇ ಮಾತಾಡು, ನಾವು ಹೊರಗಿರ್ತೀವಿ" ಅನ್ನಿ. ಅದೇನೂ ಸುಳ್ಳಲ್ಲ. ಪ್ರಾಣಕ್ಕೆ ಅಪಾಯ ಇಲ್ಲದಿದ್ದರೆ ಅವನು ಹೇಳಿದ್ದನ್ನೆಲ್ಲ ನಾವು ಮನೆಯವರಿಗೆ ಒಪ್ಪಿಸುವುದಿಲ್ಲ. ಇದನ್ನು ಅವನಿಗೂ ಮೊದಲೇ ತಿಳಿಸಿ. ಅಷ್ಟಾದರೂ ಒಪ್ಪದಿದ್ದರೆ ಮೊದಲ ಸಲ ನೀವು ಗಂಡ ಹೆಂಡತಿ ಇಬ್ಬರೇ ಹೋಗಿ. ಯಾವಾಗಿಂದ ಏನೇನು ಬದಲಾಗಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು, ಹಳೇ ಸ್ಕ್ಯಾನಿಂಗ್ ರಿಪೋರ್ಟು, ಆ ನೋಟ್‌ಬುಕ್ ಪುಟದ ಫೋಟೋ ತೆಗೆದುಕೊಂಡು ಹೋಗಿ. ಫೋಟೋ ಹಿಡಿಯುತ್ತೇನೆ ಅಂತ ಅವನಿಗೆ ಹೇಳಿಯೇ ಹಿಡಿಯಿರಿ. ಮುಂದೆ ಅವನನ್ನು ಹೇಗೆ ಕರೆತರುವುದು ಅನ್ನುವುದನ್ನು ಅಲ್ಲಿ ಕೂತು ವೈದ್ಯರ ಜೊತೆ ಮಾತಾಡಿಕೊಳ್ಳಬಹುದು.